ಠೇಕಾ ಲಯ ತಪ್ಪದಿರಲು ಸ್ಯಾಂಪಲ್ ಲೆಕ್ಕ

ಬೆಳಗಾವಿಯಲ್ಲಿ ತಬಲಾ ಕಲಿಯುವವರ ರಿಯಾಜಿಗೆಂದು ತೀನತಾಳ, ಝಪತಾಳದ ಠೇಕಾ (ತಾಳದ ನಿಗದಿತ ಪೆಟ್ಟುಗಳ ಸರಣಿ) ನುಡಿಸುವ ಪ್ರೋಗ್ರಾಂ ಬರೆದಿದ್ದೇನೆ. ಪೈಥಾನ್ ಭಾಷೆ, ಅದರ ನಮ್‌ಪೈ (ಲೆಕ್ಕಕ್ಕೆ), ಸೌಂಡ್‌ಡಿವೈಸ್ (ದನಿಗೆ) ಲೈಬ್ರರಿಗಳು ಇದ್ದರೆ ಸಾಕು. ಆದರೆ ಮಾತ್ರೆ (ತಾಳದ ಒಂದು ಎಣಿಕೆ) ಸರಿಯಾಗಿ ಬೀಳಬೇಕಾದರೆ ಟೈಮರನ್ನು ನಂಬಬಾರದು, ಸೌಂಡ್ ಕಾರ್ಡಿಗೆ ಹೋಗುವ ಸ್ಯಾಂಪಲ್‌ಗಳನ್ನೇ (ದನಿಯ ಅಲೆಯ ಒಂದೊಂದು ಕ್ಷಣದ ಅಳತೆಗಳನ್ನೇ) ಎಣಿಸಬೇಕು.

ವಿಂಡೋಸಿನ ಮಾಮೂಲಿ ಟೈಮರ್ ಮಿಡಿಯುವುದು ಸುಮಾರು 15.6 ಮಿಲಿಸೆಕೆಂಡಿಗೊಮ್ಮೆ. ನಿಧಾನ ಲಯವಾದ ವಿಲಂಬಿತದಲ್ಲಿ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ನಿಮಿಷಕ್ಕೆ 300 ಮಾತ್ರೆಯ ದ್ರುತದಲ್ಲಿ ಒಂದು ಮಾತ್ರೆಗೆ ಸಿಗುವುದೇ 200 ಮಿಲಿಸೆಕೆಂಡ್, ಅಲ್ಲಿ 15 ಆಚೀಚೆಯಾದರೆ ಠೇಕಾ ಕುಂಟುತ್ತದೆ.

ಸೆಕೆಂಡಿಗೆ 48000 ಸ್ಯಾಂಪಲ್, ಲಯ ನಿಮಿಷಕ್ಕೆ 130 ಮಾತ್ರೆ ಎಂದಿಟ್ಟುಕೊಳ್ಳಿ. ಮಾತ್ರೆಯ ಅಂತರ 48000 × 60 ÷ 130, ಅಂದರೆ 22153.846 ಸ್ಯಾಂಪಲ್. ದಶಾಂಶವನ್ನು ಕೈಬಿಟ್ಟು 22153ನ್ನೇ ಕೂಡಿಸುತ್ತ ಹೋದರೆ ಒಂದು ಗಂಟೆಯ 7800 ಮಾತ್ರೆಗಳಲ್ಲಿ 6600 ಸ್ಯಾಂಪಲ್, ಸುಮಾರು 137 ಮಿಲಿಸೆಕೆಂಡ್ ಮುಂದೋಡುತ್ತದೆ. ಜೊತೆಗೆ ಲೆಹರಾ (ತಾಳದ ಆವರ್ತ ತೋರಿಸುತ್ತ ಮತ್ತೆ ಮತ್ತೆ ಬರುವ ರಾಗದ ಸಾಲು) ಇದ್ದರೆ ಎರಡರ ಸಮ, ಅಂದರೆ ಆವರ್ತದ ಮೊದಲ ಮಾತ್ರೆ, ಕೂಡುವುದಿಲ್ಲ. ಹಾಗಾಗಿ ಪ್ರತಿ ಸಲವೂ ಮಾತ್ರೆಯ ಸಂಖ್ಯೆಯನ್ನು ಪೂರ್ತಿ ಅಂತರದಿಂದ ಗುಣಿಸಿ, ಕೊನೆಯಲ್ಲಿ ಮಾತ್ರ ದುಂಡು ಮಾಡುತ್ತೇನೆ. ನಡುವೆ ಲಯ ಬದಲಿಸಿದರೆ ಮುಂದಿನ ಮಾತ್ರೆಯಿಂದ ಹೊಸ ಎಣಿಕೆ.

ದನಿ ಬೇಕಾದಾಗಲೆಲ್ಲ ಸೌಂಡ್‌ಡಿವೈಸ್ ನಾವು ಬರೆದ ಕಾಲ್‌ಬ್ಯಾಕ್ ಎಂಬ ಫಂಕ್ಷನನ್ನು ಕರೆದು 512 ಸ್ಯಾಂಪಲ್‌ಗಳ ತುಂಡು ಕೇಳುತ್ತದೆ. ಮಾತ್ರೆ ತುಂಡಿನ ಅಂಚಿಗೇ ಬೀಳಬೇಕೆಂದಿಲ್ಲ. 22154ನೇ ಸ್ಯಾಂಪಲ್‌ಗೆ ಬರಬೇಕಾದ ಬೋಲ್ (ತಬಲಾ ಪೆಟ್ಟಿನ ದನಿ) 22016ರಿಂದ ಶುರುವಾಗುವ ತುಂಡಿನೊಳಗೆ 138ನೇ ಸ್ಥಾನದಲ್ಲಿ ಕೂರಬೇಕು. ಅಂಚಿಗೇ ಇಟ್ಟರೆ ಸುಮಾರು 10.6 ಮಿಲಿಸೆಕೆಂಡಿನವರೆಗೆ ಮತ್ತೆ ಏರುಪೇರು, ಟೈಮರ್ ಬಿಟ್ಟದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಎಡಗೈಯಲ್ಲಿ ನುಡಿಸುವ ಡಗ್ಗಾದ ಗುಂಗು ಮುಂದಿನ ತುಂಡಿಗೂ ಹರಿಯುತ್ತದೆ, ಅದಕ್ಕೆ ನುಡಿಯುತ್ತಿರುವ ಬೋಲ್‌ಗಳ ಪಟ್ಟಿ ಇಟ್ಟು ಎಲ್ಲವನ್ನೂ ಕೂಡಿಸುತ್ತೇನೆ. ಮೊತ್ತ ಗರಿಷ್ಠ ಮಿತಿಯಾದ 1.0 ದಾಟಿದರೆ ದನಿ ಒಡೆಯುವುದರಿಂದ ಪ್ರತಿ ಬೋಲನ್ನೂ ಮೊದಲೇ ಅರ್ಧಕ್ಕೆ ಇಳಿಸಿರುತ್ತೇನೆ. ಕಾಲ್‌ಬ್ಯಾಕ್ ಒಳಗೆ ಫೈಲ್ ಓದುವುದು, ತೆರೆಯ ಮೇಲೆ ಬರೆಯುವುದು ಎರಡೂ ಬೇಡ. ಅಷ್ಟು ತಡವಾದರೂ ಟಕ್ ಎಂದು ದನಿ ಕಡಿಯಬಹುದು.

ರೆಕಾರ್ಡ್ ಮಾಡಿದ ಬೋಲ್‌ಗಳ ತಲೆಯ ಮೌನವೇ ಹೆಚ್ಚು ಕಾಡುವ ಸಂಗತಿ. ‘ಧಾ’ ಫೈಲಿನ ಮುಂದೆ 20 ಮಿಲಿಸೆಕೆಂಡ್, ‘ತಿನ್’ ಮುಂದೆ 5 ಮಿಲಿಸೆಕೆಂಡ್ ಮೌನ ಇದ್ದರೆ ಲೆಕ್ಕ ಎಷ್ಟೇ ಸರಿಯಿದ್ದರೂ ‘ತಿನ್’ ಬರುವ ‘ಖಾಲಿ’ (ಕೈ ತಟ್ಟದೆ ಬೀಸುವ) ವಿಭಾಗದಲ್ಲಿ ಲಯ ಅವಸರಪಟ್ಟಂತೆ ಕೇಳುತ್ತದೆ. ಆಡಾಸಿಟಿ ಎಂಬ ದನಿ ತಿದ್ದುವ ಪ್ರೋಗ್ರಾಂನಲ್ಲಿ ಅಲೆಯನ್ನು ಹಿಗ್ಗಿಸಿ, ಪೆಟ್ಟು ಏಳುವ ಜಾಗದವರೆಗೆ ಕತ್ತರಿಸಬೇಕು. ಇದಕ್ಕೆ ತಾಳ್ಮೆ ಬೇಕು, ಆದರೆ ಕಿವಿಗೆ ಸಿಗುವ ಸುಖ ಇದರಲ್ಲೇ ಇದೆ.

ಲೆಹರಾವನ್ನು ಮೊಬೈಲಿನಲ್ಲಿ ಹಾಕಬೇಡಿ. ಎರಡು ಯಂತ್ರಗಳ ಗಡಿಯಾರ ಪೂರ್ತಿ ಒಂದೇ ವೇಗದಲ್ಲಿ ಓಡುವುದಿಲ್ಲ. ಅದನ್ನೂ ಇದೇ ಕಾಲ್‌ಬ್ಯಾಕಿನಲ್ಲಿ ಕೂಡಿಸಿದರೆ ಠೇಕಾ, ಲೆಹರಾ ಎರಡೂ ಒಂದೇ ಎಣಿಕೆಯ ಮೇಲೆ ನಡೆಯುತ್ತವೆ.