ಘಟ್ಟದ ದಾರಿಗೆ ವಾಕಿಟಾಕಿ ಕೊಳ್ಳುವ ಮುಂಚೆ

ಶಿರಸಿಯಿಂದ ಎರಡು-ಮೂರು ಕಾರಿನಲ್ಲಿ ದೂರದ ಪ್ರವಾಸ ಹೊರಡುವವರಿಗೆ ವಾಕಿಟಾಕಿ ನಿಜಕ್ಕೂ ಉಪಯೋಗ. ದೇವಿಮನೆ, ಅರಬೈಲು ಘಟ್ಟಗಳಲ್ಲಿ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ, ಅಲ್ವಾ?

ಮೊದಲು ನೋಡಬೇಕಾದದ್ದು ಫ್ರೀಕ್ವೆನ್ಸಿ. ನಮ್ಮ ದೇಶದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್ ಒಳಗೆ ಕೆಲಸ ಮಾಡುವ ಕಡಿಮೆ ಶಕ್ತಿಯ ಸೆಟ್‌ಗಳಿಗೆ ಲೈಸೆನ್ಸ್ ಬೇಡ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ 5 ವ್ಯಾಟ್ ಸೆಟ್‌ಗಳ ಕಥೆ ಬೇರೆ, ಅವಕ್ಕೆ ಲೈಸೆನ್ಸ್ ಬೇಕು. ವಿದೇಶದಿಂದ ನೆಂಟರು ತಂದುಕೊಟ್ಟದ್ದೂ ಅಷ್ಟೇ: ಅಮೆರಿಕದ ಸೆಟ್‌ಗಳು 462 ಮೆಗಾಹರ್ಟ್ಸ್ ಸುತ್ತ ಓಡುತ್ತವೆ, ಇಲ್ಲಿ ಬಳಸುವಂತಿಲ್ಲ. ಇಲ್ಲಿ ಮಾರುವ ಸೆಟ್‌ಗೆ ಇಟಿಎ, ಅಂದರೆ ಆ ಮಾದರಿಗೆ ಸರ್ಕಾರದ ಒಪ್ಪಿಗೆ ಇದೆ ಎನ್ನುವ ಪ್ರಮಾಣಪತ್ರ ಇರಬೇಕು. ಅಂಗಡಿಯವರನ್ನು ಕೇಳಿ, ಸಂಕೋಚ ಬೇಡ.

ಡಬ್ಬಿಯ ಮೇಲಿನ ‘10 ಕಿಲೋಮೀಟರ್’ ಬಯಲಿನ ಲೆಕ್ಕ. ಗುಡ್ಡ ಅಡ್ಡ ಬಂದರೆ ಸೆಟ್‌ನ ರೇಡಿಯೋ ಅಲೆ ದಾಟುವುದಿಲ್ಲ. ಘಟ್ಟದ ತಿರುವಿನಲ್ಲಿ ಒಂದು ಕಿಲೋಮೀಟರ್ ಸಿಕ್ಕರೂ ಜಾಸ್ತಿಯೇ. ಕಾರಿನ ತಗಡೂ ಅಲೆಯನ್ನು ತಡೆಯುತ್ತದೆ, ಸೆಟ್ಟನ್ನು ಕಿಟಕಿ ಗಾಜಿನ ಹತ್ತಿರ ಹಿಡಿದು ಮಾತಾಡಿ.

ಬ್ಯಾಟರಿ ಯುಎಸ್‌ಬಿಯಲ್ಲಿ ಚಾರ್ಜ್ ಆಗುವಂಥದ್ದಿರಲಿ. ನಮ್ಮ ಕಡೆಯ ಮಳೆಗಾಲಕ್ಕೆ ಐಪಿ67 (ನೀರು, ಧೂಳು ಒಳಹೋಗದಂತೆ ತಡೆಯುವ ದರ್ಜೆ) ಇದ್ದರೆ ಒಳ್ಳೆಯದು. ಬಣ್ಣದ ಪರದೆ, ಹತ್ತಾರು ರಿಂಗ್‌ಟೋನ್ ಎಲ್ಲ ಸುಮ್ನೆ.

ಬಟನ್ ಒತ್ತಿ ಒಂದು ಸೆಕೆಂಡ್ ಬಿಟ್ಟು ಮಾತು ಶುರು ಮಾಡಿ, ಇಲ್ಲದಿದ್ದರೆ ಮೊದಲ ಪದ ಕತ್ತರಿಸಿ ಹೋಗುತ್ತದೆ. ಡ್ರೈವರ್ ಕೈಗೆ ಮಾತ್ರ ಕೊಡಬೇಡಿ, ಪಕ್ಕದಲ್ಲಿ ಕೂತವರ ಹತ್ತಿರ ಇರಲಿ.