ಫ್ಲೇಮಿಂಗ್ ಗಾರ್ಜ್‌ನಲ್ಲಿ ದೊಡ್ಡ ಕೊಕನಿ ಹಿಡಿಯುವುದು ಹೇಗೆ

ಕೊಕನಿ ಎಂದರೆ ಸಮುದ್ರಕ್ಕೆ ಹೋಗದೆ ಸಿಹಿನೀರಿನಲ್ಲೇ ಬದುಕು ಮುಗಿಸುವ ಸಾಕ್‌ಐ ಸಾಲ್ಮನ್. ಮೂರು ನಾಲ್ಕು ವರ್ಷಕ್ಕೆ ಬಲಿತು, ಒಂದೇ ಸಲ ಮೊಟ್ಟೆಯಿಟ್ಟು ಸಾಯುತ್ತದೆ. ಇದರ ಗಾತ್ರಕ್ಕೂ ನೀವು ಕೊಂಡ ಲ್ಯೂರಿಗೂ (ಮೀನನ್ನು ಸೆಳೆಯುವ ಕೃತಕ ಆಮಿಷ) ಸಂಬಂಧ ಕಡಿಮೆ. ಮುಖ್ಯ ಆಹಾರ ಡಾಫ್ನಿಯದಂಥ ಪ್ಲಾಂಕ್ಟನ್. ಹಾಗಾಗಿ ತಿನ್ನುವ ಬಾಯಿಗಳು ಹೆಚ್ಚಾದಷ್ಟೂ ಮೀನು ಸಣ್ಣದು. ಕಿಕ್ಕಿರಿದ ಜಲಾಶಯದಲ್ಲಿ ಹತ್ತು ಹನ್ನೊಂದು ಇಂಚಿಗೇ ಬಲಿತುಬಿಡುತ್ತದೆ. ದೊಡ್ಡದು ಬೇಕಿದ್ದರೆ ಮೊದಲು ಸರಿಯಾದ ನೀರು, ಆಮೇಲೆ ಸರಿಯಾದ ತಿಂಗಳು, ಆಮೇಲೆ ಸರಿಯಾದ ಆಳ ಹುಡುಕಬೇಕು. ಬಣ್ಣದ ಚರ್ಚೆ ಕೊನೆಗೆ.

ಅಮೆರಿಕದ ಯೂಟಾ ಮತ್ತು ವಯೋಮಿಂಗ್ ರಾಜ್ಯಗಳ ಗಡಿಯ ಫ್ಲೇಮಿಂಗ್ ಗಾರ್ಜ್ ಜಲಾಶಯ ಅಂಥ ನೀರು. ಗ್ರೀನ್ ನದಿಗೆ ಕಟ್ಟಿದ 502 ಅಡಿ ಎತ್ತರದ ಅಣೆಕಟ್ಟು 1964ರಲ್ಲಿ ಮುಗಿಯಿತು. ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 6,040 ಅಡಿ, ಉದ್ದ ಸುಮಾರು 90 ಮೈಲಿ. ಇಲ್ಲಿನ ಲೇಕ್ ಟ್ರೌಟ್ ಎಂಬ ಬೇಟೆಮೀನುಗಳು ಕೊಕನಿಯನ್ನು ತಿಂದು ಗುಂಪನ್ನು ತೆಳುವಾಗಿಸುತ್ತವೆ, ಉಳಿದವು ಮೂರು ಪೌಂಡು ದಾಟಿ ಬೆಳೆಯುತ್ತವೆ. ಆದರೆ ಸಣ್ಣ ಲೇಕ್ ಟ್ರೌಟ್ ಮಿತಿಮೀರಿದರೆ ಕೊಕನಿಯೇ ಉಳಿಯುವುದಿಲ್ಲ. ಆದ್ದರಿಂದ ಗಾಳಕ್ಕೆ ಸಣ್ಣ ಲೇಕ್ ಟ್ರೌಟ್ ಬಿದ್ದರೆ ಬಿಡಬೇಡಿ, ಮಿತಿಯೊಳಗೆ ಮನೆಗೊಯ್ಯಿರಿ. ಅದೂ ಒಳ್ಳೆಯ ಊಟವೇ.

ತಿಂಗಳು ಮತ್ತು ಆಳ

ಕೊಕನಿಗೆ ಹಿತವಾದ ನೀರು 50ರಿಂದ 55 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 10ರಿಂದ 13 ಸೆಲ್ಸಿಯಸ್. ಮೇ ತಿಂಗಳಲ್ಲಿ ಆ ತಂಪು ಮೇಲ್ಭಾಗದಲ್ಲೇ ಸಿಗುತ್ತದೆ, 15ರಿಂದ 30 ಅಡಿಯಲ್ಲಿ ಹುಡುಕಿ. ಜೂನ್‌ನಲ್ಲಿ 30ರಿಂದ 50 ಅಡಿ, ಜುಲೈ ಮತ್ತು ಆಗಸ್ಟ್‌ನಲ್ಲಿ 50ರಿಂದ 90. ಇದು ಅಂದಾಜು ಮಾತ್ರ. ಗಾಳಿ ಬೀಸಿದ ದಡದಲ್ಲಿ ಬಿಸಿನೀರು ಒಟ್ಟಾಗಿ ತಂಪು ಪದರ ಇನ್ನೂ ಕೆಳಗಿಳಿದಿರುತ್ತದೆ. ಡೌನ್‌ರಿಗ್ಗರ್‌ನ (ಲ್ಯೂರನ್ನು ಬೇಕಾದ ಆಳಕ್ಕೆ ಇಳಿಸಲು ಕೇಬಲ್‌ಗೆ ಭಾರದ ಗುಂಡು ಕಟ್ಟಿದ ಸಾಧನ) ಗುಂಡಿಗೆ ಥರ್ಮಾಮೀಟರ್ ಕಟ್ಟಿ ಇಳಿಸಿ ನೋಡಿದರೆ ಊಹೆಯ ಗೋಜಿಲ್ಲ.

ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಗಾತ್ರ ಮತ್ತು ರುಚಿ ಎರಡೂ ಕೂಡಿಬರುತ್ತವೆ. ಆಗಸ್ಟ್ ಕೊನೆಗೆ ತೂಕ ಹೆಚ್ಚು ನಿಜ, ಆದರೆ ಗಂಡಿನ ದವಡೆ ಕೊಕ್ಕೆಯಾಗಿ ಮೈ ಕೆಂಪೇರತೊಡಗುತ್ತದೆ. ಮಾಂಸದ ಎಣ್ಣೆಯಂಶ ಮೊಟ್ಟೆ ಮತ್ತು ವೀರ್ಯಕ್ಕೆ ಖರ್ಚಾಗಿ ರುಚಿ ಸಪ್ಪೆಯಾಗುತ್ತದೆ. ಫೋಟೊಗೆ ಆಗಸ್ಟ್ ಕೊನೆ, ತಟ್ಟೆಗೆ ಜುಲೈ. ಆಗಸ್ಟ್ ಕೊನೆಯ ಹೊತ್ತಿಗೆ ಬಲಿತ ಮೀನುಗಳು ಜಲಾಶಯದ ಶೀಪ್ ಕ್ರೀಕ್ ಕೊಲ್ಲಿಯ ಬಾಯಿಯ ಕಡೆಗೂ ಕಡಿದಾದ ಕಣಿವೆ ದಡಗಳ ಕಡೆಗೂ ಸೇರತೊಡಗುತ್ತವೆ. ಸೆಪ್ಟೆಂಬರ್ 10ರಿಂದ ನವೆಂಬರ್ 30ರವರೆಗೆ ಈ ಜಲಾಶಯದಲ್ಲಿ ಕೊಕನಿ ಇಟ್ಟುಕೊಳ್ಳುವಂತಿಲ್ಲ. ದಿನದ ಮಿತಿಯನ್ನು ಆಯಾ ವರ್ಷದ ನಿಯಮಪುಸ್ತಕದಲ್ಲಿ ನೋಡಿ. ಎರಡು ರಾಜ್ಯಗಳ ನೀರು ಇದು, ಯಾವ ಕಡೆ ಯಾವ ಲೈಸೆನ್ಸ್ ನಡೆಯುತ್ತದೆಂಬುದನ್ನೂ ಅಲ್ಲೇ ಖಚಿತಪಡಿಸಿಕೊಳ್ಳಿ.

ಪರದೆ ಓದುವುದು

ಲ್ಯೂರ್ ಇಳಿಸುವ ಮೊದಲು ನೀರಿನೊಳಗಿನ ಮೀನನ್ನು ಪರದೆಯಲ್ಲಿ ತೋರಿಸುವ ಫಿಶ್‌ಫೈಂಡರ್ ಹಾಕಿಕೊಂಡು ಗಂಟೆಗೆ ನಾಲ್ಕೈದು ಮೈಲಿ ವೇಗದಲ್ಲಿ ಸುತ್ತಿ ನೋಡಿ. ತಳಕ್ಕೆ ಅಂಟಿದಂತೆ ಒಂಟಿಯಾಗಿ ಕಾಣುವ ದಪ್ಪ ಕಮಾನು ಸಾಮಾನ್ಯವಾಗಿ ಲೇಕ್ ಟ್ರೌಟ್. ನೂರೈವತ್ತು ಅಡಿ ನೀರಿನ ನಡುವೆ, ಅರವತ್ತು ಅಡಿಯ ಆಸುಪಾಸಿನಲ್ಲಿ ತೇಲುವ ಗುಂಪು ಕೊಕನಿ. ದೊಡ್ಡವು ಎಷ್ಟೋ ಸಲ ಗುಂಪಿನ ಕೆಳಅಂಚಿನಲ್ಲಿ, ಗುಂಪಿಗಿಂತ ಐದು ಹತ್ತು ಅಡಿ ಕೆಳಗೆ, ಎರಡು ಮೂರಾಗಿ ಇರುತ್ತವೆ. ಗುಂಪಿನ ನಟ್ಟನಡುವೆ ಲ್ಯೂರ್ ಎಳೆದರೆ ಚುರುಕಾದ ಎರಡು ವರ್ಷದ ಮರಿಗಳೇ ಮೊದಲು ಬಾಯಿ ಹಾಕುತ್ತವೆ. ಸಣ್ಣವೇ ಬರುತ್ತಿದ್ದರೆ ಬಣ್ಣ ಬದಲಿಸುತ್ತ ಕೂರಬೇಡಿ, ಗುಂಡನ್ನು ಇನ್ನೊಂದು ಹತ್ತು ಅಡಿ ಇಳಿಸಿ. ಆಗಲೂ ಅವೇ ಬಂದರೆ ಆ ಗುಂಪನ್ನೇ ಬಿಟ್ಟು ಹೊರಡಿ.

ಕೊಕನಿ ಮೇಲಕ್ಕೆ ಬಂದು ಕಚ್ಚುತ್ತದೆ, ಕೆಳಗಿಳಿದು ಕಚ್ಚುವುದು ಅಪರೂಪ. ಗುರಿಯಿಟ್ಟ ಮೀನು 70 ಅಡಿಯಲ್ಲಿದ್ದರೆ ಲ್ಯೂರ್ 65ರಲ್ಲಿರಲಿ. ದೋಣಿ ಚಲಿಸುವಾಗ ಗುಂಡು ಹಿಂದಕ್ಕೆ ವಾಲುತ್ತದೆ, ಕೌಂಟರ್ 70 ತೋರಿಸಿದರೂ ನಿಜವಾದ ಆಳ ಅದಕ್ಕಿಂತ ಕಡಿಮೆ. 10 ಅಥವಾ 12 ಪೌಂಡಿನ ಗುಂಡು ಬಳಸಿದರೆ ಈ ವ್ಯತ್ಯಾಸ ಕಿರಿದಾಗುತ್ತದೆ.

ಕಟ್ಟುವ ಕ್ರಮ

ರಾಡ್ ಏಳರಿಂದ ಎಂಟು ಅಡಿ, ತುದಿಯಿಂದ ಹಿಡಿಯವರೆಗೂ ಬಾಗುವ ಮೆತ್ತನೆಯದು. ಬಿಗಿಯಾದ ಬಾಸ್ ರಾಡ್ ಇಲ್ಲಿ ಬೇಡ. ಮುಖ್ಯ ಲೈನ್ 10 ಪೌಂಡ್ ಮಾನೊ (ಒಂದೇ ಎಳೆಯ ನೈಲಾನ್ ದಾರ), ಅದು ಸ್ವಲ್ಪ ಹಿಗ್ಗುವುದೇ ಅನುಕೂಲ. ಅದರ ತುದಿಗೆ ಸ್ವಿವೆಲ್ (ತಿರುಗುವ ಕೊಂಡಿ), ಸ್ವಿವೆಲ್‌ಗೆ ನಾಲ್ಕರಿಂದ ಆರು ಇಂಚಿನ ಡಾಡ್ಜರ್ (ಅತ್ತಿತ್ತ ಬೀಸುತ್ತ ಹೊಳೆಯುವ ತಗಡು), ಅದರ ಹಿಂದೆ 10–12 ಪೌಂಡಿನ ಫ್ಲೋರೊಕಾರ್ಬನ್ ಲೀಡರ್ (ಲ್ಯೂರ್ ಕಟ್ಟುವ ತುಂಡು ದಾರ), ಕೊನೆಗೆ ಲ್ಯೂರ್.

ಬಹುಪಾಲು ಜನ ಎಡವುವುದು ಲೀಡರ್ ಉದ್ದದಲ್ಲಿ. ಹೂಚಿ ಎಂಬ ಪುಟ್ಟ ಪ್ಲಾಸ್ಟಿಕ್ ಸ್ಕ್ವಿಡ್ ಲ್ಯೂರಿಗೆ ಸ್ವಂತ ಚಲನೆ ಇಲ್ಲ. ಡಾಡ್ಜರ್ ಒದ್ದಂತೆಲ್ಲ ಅದು ಕುಣಿಯಬೇಕು, ಹಾಗಾಗಿ 8ರಿಂದ 12 ಇಂಚು ಸಾಕು. ಸ್ಪಿನ್ನರ್ ಅಥವಾ ಸ್ಪೂನ್ ತಾನೇ ತಿರುಗುತ್ತದೆ, ಅದಕ್ಕೆ 16ರಿಂದ 24 ಇಂಚು ಬಿಡಿ. ಹೂಚಿಗೆ ಎರಡು ಅಡಿ ಲೀಡರ್ ಕಟ್ಟಿದರೆ ಅದು ಸತ್ತ ಎಲೆಯಂತೆ ಹಿಂದೆ ಬರುತ್ತದೆ ಅಷ್ಟೆ. ಹುಕ್‌ಗಳು 4 ಅಥವಾ 6ನೇ ನಂಬರಿನವು, ಒಂದರ ಹಿಂದೊಂದರಂತೆ ಎರಡು. ಉಗುರಿನ ಮೇಲೆ ಎಳೆದರೆ ಜಾರದೆ ಸಿಕ್ಕಿಕೊಳ್ಳುವಷ್ಟು ಚೂಪಿರಬೇಕು.

ಇಳಿಸುವ ಮೊದಲು ದೋಣಿಯ ಪಕ್ಕದಲ್ಲಿ ಎರಡಡಿ ನೀರಿನಲ್ಲಿ ಎಳೆದು ನೋಡಿ. ಡಾಡ್ಜರ್ ಎಡಕ್ಕೂ ಬಲಕ್ಕೂ ಬೀಸಬೇಕು, ಪೂರ್ತಿ ಸುತ್ತು ಹೊಡೆಯಬಾರದು. ಸುತ್ತು ಹೊಡೆದರೆ ವೇಗ ಹೆಚ್ಚಾಯಿತು ಎಂದರ್ಥ. ಸಾಮಾನ್ಯ ವೇಗ ಗಂಟೆಗೆ 1.2ರಿಂದ 1.6 ಮೈಲಿ. ವಸಂತದ ತಣ್ಣೀರಿನಲ್ಲಿ 1ಕ್ಕೆ ಇಳಿಸಿ. ಜಿಪಿಎಸ್ ತೋರಿಸುವುದು ಮೇಲಿನ ವೇಗ ಮಾತ್ರ, ಆಳದಲ್ಲಿ ನೀರು ಬೇರೆ ದಿಕ್ಕಿಗೆ ಹರಿಯುತ್ತಿರಬಹುದು. ಒಂದು ದಿಕ್ಕಿಗೆ ಹೋಗುವಾಗ ಮಾತ್ರ ಮೀನು ಕಚ್ಚುತ್ತಿದ್ದರೆ ಕಾರಣ ಇದೇ ಇರಬಹುದು. ಕೇಬಲ್ ಎಷ್ಟು ವಾಲಿದೆ ಎಂದು ನೋಡಿಕೊಂಡು, ತಿರುಗಿ ಬರುವಾಗಲೂ ಅಷ್ಟೇ ವಾಲುವಂತೆ ಎಂಜಿನ್ ಸರಿಮಾಡಿ.

ಲೈನನ್ನು ಡೌನ್‌ರಿಗ್ಗರ್ ಕೇಬಲ್‌ಗೆ ಸಿಕ್ಕಿಸುವ ಕ್ಲಿಪ್‌ಗೂ ಲ್ಯೂರಿಗೂ ನಡುವೆ ಆಳದಲ್ಲಿ 20ರಿಂದ 40 ಅಡಿ ಸಾಕು. ಮೇಲ್ಭಾಗದಲ್ಲಿ ದೋಣಿಗೆ ಹೆದರುವ ಮೀನಿಗೆ ನೂರು ಅಡಿ ಬಿಡಿ. ನೇರ ಗೆರೆಯಲ್ಲಿ ಓಡಿಸಬೇಡಿ, ಉದ್ದನೆಯ ಎಸ್ ಆಕಾರದಲ್ಲಿ ಹೋಗಿ. ತಿರುವಿನ ಒಳಬದಿಯ ಲ್ಯೂರ್ ನಿಧಾನವಾಗಿ ಕೆಳಗಿಳಿಯುತ್ತದೆ, ಹೊರಬದಿಯದು ವೇಗವಾಗಿ ಮೇಲೇರುತ್ತದೆ. ಯಾವುದಕ್ಕೆ ಬಿತ್ತೋ ಆ ವೇಗಕ್ಕೆ ಎಲ್ಲವನ್ನೂ ತನ್ನಿ.

ಬಣ್ಣದ ವಿಷಯಕ್ಕೆ ಬಂದರೆ ಗುಲಾಬಿ, ಕಿತ್ತಳೆ, ಹಳದಿ-ಹಸಿರು ಈ ಮೂರರಿಂದ ಶುರುಮಾಡಿ. ಆಳಕ್ಕೆ ಹೋದಂತೆ ಕೆಂಪು ಮೊದಲು ಮಾಯವಾಗುತ್ತದೆ, 60 ಅಡಿಯ ಕೆಳಗೆ ಯುವಿ (ಅತಿನೇರಳೆ ಬೆಳಕಿಗೆ ಹೊಳೆಯುವ) ಅಥವಾ ಗ್ಲೋ (ಕತ್ತಲಲ್ಲಿ ಮಿನುಗುವ) ಲೇಪದ್ದು ಲೇಸು. ವಾಸನೆ ಬಣ್ಣಕ್ಕಿಂತ ಮುಖ್ಯ. ಡಬ್ಬಿಯ ಬಿಳಿ ಶೂಪೆಗ್ ಕಾರ್ನ್‌ನ (ಸಣ್ಣ ಕಾಳಿನ ಮೆಕ್ಕೆಜೋಳ) ನೀರು ಬಸಿದು, ಜಜ್ಜಿದ ಬೆಳ್ಳುಳ್ಳಿ ಮತ್ತು ಒಂದು ಚಮಚ ಟ್ಯೂನಾ ಎಣ್ಣೆ ಕಲಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಹುಕ್‌ಗೆ ಒಂದೇ ಕಾಳು, ಹೆಚ್ಚೆಂದರೆ ಎರಡು. ಮೂರು ನಾಲ್ಕು ಪೋಣಿಸಿದರೆ ಲ್ಯೂರ್ ಕುಣಿಯುವುದೇ ನಿಲ್ಲುತ್ತದೆ. ಕಾರ್ನ್‌ಗೆ ಎಲ್ಲ ಜಲಾಶಯಗಳಲ್ಲೂ ಒಪ್ಪಿಗೆ ಇಲ್ಲ, ನಿಯಮ ನೋಡಿಯೇ ಬಳಸಿ. ಸನ್‌ಸ್ಕ್ರೀನ್ ಅಥವಾ ಪೆಟ್ರೋಲ್ ಮುಟ್ಟಿದ ಕೈಯಲ್ಲಿ ಲ್ಯೂರ್ ಹಿಡಿಯಬೇಡಿ.

ಕಚ್ಚಿದ ಮೇಲೆ

ಕೊಕನಿಯ ಬಾಯಂಚು ನೆನೆದ ಹಪ್ಪಳದಷ್ಟೇ ಗಟ್ಟಿ. ಜೋರಾಗಿ ಜಗ್ಗಿದರೆ ಹುಕ್ ಹರಿದುಕೊಂಡು ಬರುತ್ತದೆ. ಕ್ಲಿಪ್ ಬಿಟ್ಟು ರಾಡ್ ತುದಿ ಮೇಲಕ್ಕೆ ಚಿಮ್ಮಿದಾಗ ಮೀನು ದೋಣಿಯ ಕಡೆಗೇ ಓಡಿಬರುತ್ತಿರಬಹುದು, ಲೈನ್ ಬಿಗಿಯಾಗುವವರೆಗೆ ಬೇಗ ಸುತ್ತಿ. ಡ್ರ್ಯಾಗ್ (ರೀಲಿನ ಬ್ರೇಕ್) ಸಡಿಲವಾಗಿರಲಿ, ಲೈನನ್ನು ಕೈಯಲ್ಲಿ ಎಳೆದರೆ ಸಲೀಸಾಗಿ ಜಾರುವಷ್ಟು. ದೋಣಿ ನಿಲ್ಲಿಸಬೇಡಿ, ನಿಂತರೆ ಲೈನ್ ಸಡಿಲವಾಗಿ ಮೀನು ಹುಕ್ ಉಗುಳುತ್ತದೆ, ಉಳಿದ ಲೈನ್‌ಗಳೂ ಸಿಕ್ಕುಹಾಕಿಕೊಳ್ಳುತ್ತವೆ. ಹೆಚ್ಚಿನ ಮೀನು ತಪ್ಪುವುದು ಕೊನೆಯ ಹತ್ತು ಅಡಿಯಲ್ಲಿ, ಅದು ಗಿರಗಿರ ಸುತ್ತತೊಡಗಿದಾಗ. ಆಗ ರಾಡ್ ತಗ್ಗಿಸಿ, ಉದ್ದ ಹಿಡಿಯ ರಬ್ಬರ್ ಬಲೆಯನ್ನು ಮೊದಲೇ ನೀರಿನಲ್ಲಿ ಮುಳುಗಿಸಿಟ್ಟು ತಲೆಯ ಕಡೆಯಿಂದ ಒಳಕ್ಕೆ ತನ್ನಿ. ಅಟ್ಟಿಸಿಕೊಂಡು ಹೋಗಿ ಬಾಚಬೇಡಿ.

ಬೇಸಿಗೆಯಲ್ಲಿ 70 ಅಡಿಯ ತಂಪಿನಿಂದ ಬೆಚ್ಚಗಿನ ಮೇಲ್ನೀರಿಗೆ ಎಳೆತಂದ ಮೀನನ್ನು ಬಿಟ್ಟರೆ ಅದು ಬದುಕುವ ಭರವಸೆ ಕಡಿಮೆ. ಇನ್ನೂ ದೊಡ್ಡದು ಬರಲಿ ಎಂದು ಚಿಕ್ಕವನ್ನು ಒಂದೊಂದಾಗಿ ಬಿಡುತ್ತ ಹೋಗುವ ಪದ್ಧತಿ ವಸಂತಕ್ಕೆ ಸರಿ, ಆಗಸ್ಟ್‌ಗೆ ಅಲ್ಲ. ಸಣ್ಣವೇ ಸಿಗುವ ಜಾಗದಿಂದ ದೋಣಿಯನ್ನೇ ಬೇರೆಡೆಗೆ ಒಯ್ಯಿರಿ.

ಇಟ್ಟುಕೊಳ್ಳುವ ಮೀನಿನ ಕಿವಿರನ್ನು ತಕ್ಷಣ ಕೊಯ್ದು ರಕ್ತ ಬಸಿದು, ಪುಡಿಮಂಜಿಗೆ ನೀರು ಬೆರೆಸಿದ ಪೆಟ್ಟಿಗೆಗೆ ಹಾಕಿ. ಬರಿಯ ಮಂಜುಗಡ್ಡೆಗಿಂತ ಮಂಜುನೀರು ಬೇಗ ತಣಿಸುತ್ತದೆ. ಮಾಂಸ ಕೆಂಪು, ಮೆದು, ಎಣ್ಣೆಯುಳ್ಳದ್ದು. ಬಿಸಿಲಲ್ಲಿ ಅರ್ಧ ಗಂಟೆ ಬಿದ್ದಿದ್ದರೆ ರವಾ ಫ್ರೈಗೆ ಹಾಕುವಾಗ ಹಿಟ್ಟಾಗಿ ಒಡೆಯುತ್ತದೆ.

ಬೆಳಕು ಹರಿಯುವ ಮೊದಲೇ ನೀರಿಗಿಳಿಯಿರಿ. ಮಧ್ಯಾಹ್ನದ ಹೊತ್ತಿಗೆ ಕಣಿವೆಯಲ್ಲಿ ಗಾಳಿ ಏಳುವುದು ಮಾಮೂಲು, ಸಣ್ಣ ದೋಣಿಯವರು ಹನ್ನೊಂದಕ್ಕೆಲ್ಲ ದಡದತ್ತ ತಿರುಗಬೇಕು. ಲೈಫ್ ಜಾಕೆಟ್ ಸೀಟಿನಡಿ ಅಲ್ಲ, ಮೈಮೇಲಿರಲಿ. ಹೊರಡುವಾಗ ದೋಣಿಯ ತಳದ ಪ್ಲಗ್ ತೆಗೆದು ನೀರು ಪೂರ್ತಿ ಬಸಿದು ಒಣಗಿಸಿ. ಮಸೆಲ್ ಚಿಪ್ಪುಜೀವಿಗಳು ಬೇರೆ ಕೆರೆಗೆ ಹರಡದಂತೆ ತಡೆಯಲು ದಾರಿಯ ತಪಾಸಣಾ ಕೇಂದ್ರಗಳಲ್ಲಿ ಇದನ್ನೇ ಮೊದಲು ನೋಡುತ್ತಾರೆ.