ಹತ್ತೇ ವರ್ಷ ಬಾಳಿದ ನೈನ್ ಎಲ್ಮ್ಸ್: ಜಾಗ ಹುಡುಕಿದ ನನ್ನ ಪಾಡು

ಲಂಡನ್ನಿನ ನೈನ್ ಎಲ್ಮ್ಸ್ ರೈಲು ಟರ್ಮಿನಸ್ (ಹಳಿ ಮುಗಿಯುವ ಕೊನೆ ಸ್ಟೇಷನ್) 1838ರ ಮೇ 21ಕ್ಕೆ ಶುರುವಾಯಿತು. 1848ರ ಜುಲೈನಲ್ಲಿ ವಾಟರ್ಲೂ ಸ್ಟೇಷನ್ ತೆರೆದ ಕೂಡಲೇ ಜನರಿಗೆ ಇದರ ಬಾಗಿಲು ಬಂದ್. ವಾಸ್ತುಶಿಲ್ಪಿ ವಿಲಿಯಂ ಟೈಟ್ ಕಟ್ಟಿದ ಆ ಮುಂಭಾಗ ಎಲ್ಲಿ ನಿಂತಿತ್ತು ಅಂತ ಬರೀ ಹಳೇ ನಕ್ಷೆಯಲ್ಲೇ ತೋರಿಸುತ್ತೇನೆ ಅಂದಾಗ ಗೆಳೆಯರು ನಕ್ಕಿದ್ದರು. ಈಗ ನಗುತ್ತಿಲ್ಲ.

ಮೊದಲು ದುಡ್ಡು ಕಳೆದ ಕಥೆ. ಒಂದು ಅಂಗಡಿಯಲ್ಲಿ ದೊಡ್ಡ ನಕ್ಷೆ ಪ್ರಿಂಟ್ ಹಾಕಿಸಿದೆ, ಸುಮಾರು 40 ಪೌಂಡ್. ಹಾಳೆ ಎಳೆದು ಅಳತೆಯೇ ಕೆಟ್ಟಿತ್ತು. ಅದೇ ನಕ್ಷೆ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಪುಕ್ಕಟೆ! ಹಳೇ ಪತ್ರಿಕೆಗಳಿಗೆ ಒಂದು ತಿಂಗಳ ಚಂದಾ ಕಟ್ಟಿ 'ಸೌತ್ ವೆಸ್ಟರ್ನ್' ಅಂತ ಹುಡುಕಿದೆ. 1838ಕ್ಕೆ ಏನೂ ಸಿಗಲಿಲ್ಲ. ಆ ಸ್ಟೇಷನ್ನಿನ ರೈಲು ಕಂಪನಿ ಆ ಹೆಸರು ಇಟ್ಟುಕೊಂಡದ್ದೇ 1839ರಲ್ಲಿ, ಅದಕ್ಕೆ ಮೊದಲು ಅದು 'ಲಂಡನ್ ಅಂಡ್ ಸೌತಾಂಪ್ಟನ್'. ನಾನು ಹಳೇ ಹೆಸರು ಹಾಕಿ ಹುಡುಕಿದ ಮೇಲೆ 1838ರ ಡರ್ಬಿ ಕುದುರೆ ರೇಸಿನ ದಿನ ಸುಮಾರು 5000 ಜನ ನುಗ್ಗಿ ಪೊಲೀಸರನ್ನು ಕರೆಸಿದ ಗಲಾಟೆ ಸಿಕ್ಕಿತು. ಸ್ಟೇಷನ್ ತೆರೆದು ಇನ್ನೂ ಎರಡು ವಾರ ಆಗಿರಲಿಲ್ಲ, ಪಾಪ.

ಹಳೇ ನಕ್ಷೆಯನ್ನು ಇಂದಿನ ನಕ್ಷೆ ಮೇಲೆ ಕೂರಿಸುವಾಗ ಥೇಮ್ಸ್ ನದಿ ದಂಡೆಯನ್ನು ಗುರುತು ಹಿಡಿದದ್ದು ನನ್ನ ದೊಡ್ಡ ತಪ್ಪು. ದಂಡೆ ಅಂದಿನ ಹಾಗೆ ಉಳಿದಿಲ್ಲ. ಮೂವತ್ತು ಮೀಟರ್ ಜಾಸ್ತಿಯೇ ಆಚೆ ಹೋಯಿತು. ಆಮೇಲೆ ವಾಟರ್ಲೂ ಕಡೆಗೆ ರೈಲು ಹಳಿ ಹೊತ್ತ ಕಮಾನು ಸಾಲು ಹಿಡಿದೆ. ಅದನ್ನು ಅಗಲ ಮಾಡಿದ್ದಾರೆ, ಆದರೆ ಜಾಗ ಬಿಟ್ಟು ಕದಲಿಸಿಲ್ಲ. ಇನ್ನೊಂದು ಗುರುತು ವಾಂಡ್ಸ್‌ವರ್ತ್ ರಸ್ತೆ. ಮೂರನೆಯದು ನನ್ನ ಗುಟ್ಟು, ಸದ್ಯಕ್ಕೆ ಹೇಳುವುದಿಲ್ಲ.

ಸರಿ ಕೂತಿದೆ ಅಂತ ಗೊತ್ತಾಗಿದ್ದು ವಿಮಾನದಿಂದ ತೆಗೆದ ಹಳೇ ಫೋಟೋ ಮೇಲೆ ಹಾಸಿದಾಗ. ಜನ ಬಿಟ್ಟ ಮೇಲೂ ಸ್ಟೇಷನ್ ಗೂಡ್ಸಿಗೆ ದುಡಿಯಿತು, 1864ರಲ್ಲಿ ಇಟಲಿಯ ನಾಯಕ ಗ್ಯಾರಿಬಾಲ್ಡಿ ಬಂದಿಳಿದದ್ದೂ ಅಲ್ಲೇ. ಕೆಡವಿದ್ದು 1960ರ ದಶಕದಲ್ಲಿ. ಹಾಗಾಗಿ ಫೋಟೋದಲ್ಲಿ ಚಾವಣಿ ಇನ್ನೂ ಇದೆ! ಮೂಲೆಗೆ ಮೂಲೆ ಕೂತಿತು.

1974ರಲ್ಲಿ ನ್ಯೂ ಕೋವೆಂಟ್ ಗಾರ್ಡನ್ ಮಂಡಿ ಆ ಕಡೆ ಬಂತು. ಸ್ಟೇಷನ್ ಜಾಗ ಹೂವಿನ ಮಾರುಕಟ್ಟೆಗೆ ಹೋಯಿತು.

ಸುಮ್ನೆ ಇರಲಾರದೆ ಒಂದು ಭಾನುವಾರ ಅಲ್ಲಿಂದ ವಾಟರ್ಲೂಗೆ ನಡೆದೆ. ನಲವತ್ತು ನಿಮಿಷ ಹಿಡಿಯಿತು, ಮಳೆ ಬೇರೆ. ಆ ಕಾಲದವರು ಪೇಟೆಗೆ ಹೋಗಲು ದೋಣಿಯನ್ನೋ ಕುದುರೆ ಬಸ್ಸನ್ನೋ ಹಿಡಿಯಬೇಕಿತ್ತು. ಹತ್ತು ವರ್ಷ ತಡೆದದ್ದೇ ಹೆಚ್ಚು, ಅಲ್ವಾ?